ಮಂಜುಗಡ್ಡೆಯ ಕೆಳಗಿನ ಮುಖ

ಸರೋವರದ ಮಂಜುಗಡ್ಡೆಯಲ್ಲಿ ಕೊರೆದಿದ್ದ ಈಜುಗುಂಡಿಗೆ ಇಳಿದ ಪುರಸಭೆ ಅಧ್ಯಕ್ಷ ಕೌಕೊ, ಏಣಿಯ ಕೊನೆಯ ಮೆಟ್ಟಿಲಲ್ಲಿ ಕಿರುಚಿಕೊಂಡ. ಅವನ ಕಾಲಿಗೆ ಒಂದು ಮೂಗು ತಾಗಿತ್ತು.

ಕಂಚಿನ ಮೂಗು. ಹಿಂದಿನ ದಿನವಷ್ಟೇ ಹಳೆಯ ಹೆರಿಗೆ ಆಸ್ಪತ್ರೆಯ ಹಜಾರದಲ್ಲಿ ಅವನೇ ಅನಾವರಣ ಮಾಡಿದ್ದ ಮಂತ್ರಿ ಇರ್ಯಾ ಕೆತ್ತುಸಾರಿಯ ತಲೆ ಅದು. ಇರ್ಯಾ ನಮ್ಮೂರಿನವಳು. ಪುರಸಭೆ ಸದಸ್ಯೆಯಾಗಿ, ಸಂಸದೆಯಾಗಿ, ಆರೋಗ್ಯ ಮಂತ್ರಿಯಾದವಳು. ಮಂಗಳವಾರ ಹೆಲ್ಸಿಂಕಿಯಲ್ಲಿ ಹಣಕಾಸು ಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಳ್ಳುವವಳಿದ್ದಳು.

ಅರ್ಧ ಗಂಟೆಯಲ್ಲಿ ಔಲಿ ನಮ್ಮ ಮನೆಗೆ ಓಡಿಬಂದಳು. ಅದೇ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದು ನಿವೃತ್ತಳಾದ ಆಕೆ, ಈಜುವವರು ಮೈ ಕಾಯಿಸಿಕೊಳ್ಳುವ ದಂಡೆಯ ಸೌನಾ ಎಂಬ ಬಿಸಿಯಾವಿಯ ಮನೆಯನ್ನು ನೋಡಿಕೊಳ್ಳುತ್ತಿದ್ದಳು.

"ಮೊದ್ಲು ಬೂಟು ಬಿಚ್ಚೇ, ಆಮೇಲೆ ಅಳು," ಎಂದರು ಸಾಯ್ಮಿಯಮ್ಮ. ಅವರು ಪೊಲೀಸ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಊರಿನ ತಂಟೆಗಳೆಲ್ಲ ಅವರ ಅಡುಗೆಮನೆಗೇ ಬರುತ್ತಿದ್ದವು. ನಾನು ಅವರ ಜೊತೆಗೇ ವಾಸವಿದ್ದು ಅವರ ಕೆಲಸಗಳಿಗೆ ನೆರವಾಗುತ್ತಿದ್ದೆ.

"ಇರ್ಯಾ ತಲೆ ನೀರಿಗೆ ಹಾಕಿದ್ದು ನಾನೇ ಅಂತ ಸೌನಾದ ಕೀಲಿ ಕಿತ್ಕೊಳ್ತಾನಂತೆ ಕಣೇ ಕೌಕೊ! ಸಂಜೆ ಒಳಗೆ ಕೊಡ್ಬೇಕಂತೆ. ನಂಗೆ ಉಳಿದಿರೋದು ಅದೊಂದೇ ಅಲ್ವೇನೇ?"

"ನೀನೇ ಮುಳುಗಿಸಿದ್ಯಾ?"

"ನಾನಾಗಿದ್ರೆ ಸುತ್ತಿಗೇಲಿ ಚಚ್ತಿದ್ದೆ! ಮುಳುಗಿಸಿ ಮರ್ಯಾದೆ ಯಾಕೆ ಮಾಡ್ಲಿ?"

ಊರೆಲ್ಲ ಔಲಿಯತ್ತ ಬೆರಳು ತೋರಿಸಲು ಕಾರಣವಿತ್ತು. ಆ ಆಸ್ಪತ್ರೆಯನ್ನು ಮುಚ್ಚಿಸಿದ್ದು ಇರ್ಯಾ. ಅದೇ ಚಳಿಗಾಲದಲ್ಲಿ ಔಲಿಯ ಮಗಳು ದೂರದ ಕುವೊಪಿಯೊ ನಗರದ ಆಸ್ಪತ್ರೆಯ ದಾರಿಯಲ್ಲಿ ಕಾರಿನಲ್ಲೇ ಹೆತ್ತಳು. ಮಗು ಉಳಿಯಲಿಲ್ಲ.

ನಾವು ದಂಡೆಗೆ ಹೋದೆವು. ಆಸ್ಪತ್ರೆಯ ಬಾಗಿಲಿನಿಂದ ಈಜುಗುಂಡಿಯವರೆಗೆ ಜಾರುಬಂಡಿಯ ಗೆರೆಗಳಿದ್ದವು. ಗೆರೆಗಳೊಳಗೆ ಹೊಸ ಹಿಮ ತುಂಬಿತ್ತು.

"ಹಿಮ ಬೀಳೋದು ನಿಂತಿದ್ದು ಯಾವಾಗ?"

"ಬೆಳಕು ಹರಿಯೋಕ್ ಮುಂಚೆ," ಎಂದಳು ಔಲಿ. "ಬೆಳಿಗ್ಗೆ ಮೊದ್ಲು ಬಂದಿದ್ದು ಇರ್ಯಾ. ಈಜಿ ಬಂದೆ ಅಂತ ಕಾಫಿ ಕುಡಿದು, ನೀರು ರೇಷ್ಮೆ ಇದ್ದಂಗಿತ್ತು ಅಂದ್ಲು. ಆಮೇಲೆ ಕೌಕೊ ಇಳಿದ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಈಜುವವರು ನೀರಿಗೆ ಹಾಕಿಕೊಂಡೇ ಇಳಿಯುವ ಉಣ್ಣೆಯ ಕಾಲುಚೀಲಗಳು ಮೊಳೆಗೆ ತೂಗುತ್ತಿದ್ದವು. ಕೌಕೊನದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದ ಇರ್ಯಾಳ ಕೆಂಪು ಜೋಡಿಯಲ್ಲಿ ಪೆಟ್ಟಿಗೆಯೊಳಗಿನ ಮಡಿಕೆ ಕೂಡ ಹೋಗಿರಲಿಲ್ಲ. ನಾನು ಅದನ್ನು ಸಾಯ್ಮಿಯಮ್ಮನ ಕಿವಿಯಲ್ಲಿ ಹೇಳಿದೆ. ಅವರು ಕೌಕೊನ ಹತ್ತಿರ ಒಂದೇ ಮಾತು ಕೇಳಿದರು: "ಆಸ್ಪತ್ರೆ ಹಜಾರದ ಕೀಲಿ ನೆನ್ನೆ ಯಾರ ಹತ್ರ ಇತ್ತು?"

"ಮಂತ್ರಿಗಳು ಒಬ್ರೇ ಸ್ವಲ್ಪ ಹೊತ್ತು ಕೂತಿರ್ತೀನಿ ಅಂದ್ರು, ಕೊಟ್ಟೆ. ಅದಕ್ಕೇನೀಗ? ಅಷ್ಟು ವರ್ಷ ಅಲ್ಲೇ ಇದ್ದ ಔಲಿ ಹತ್ರ ಇನ್ನೊಂದು ಇರಲ್ವಾ?"

ಸಂಜೆ ಬಟ್ಟೆ ಬದಲಿಸುವ ಆ ಕೋಣೆಯಲ್ಲೇ ಎಲ್ಲರೂ ಸೇರಿದರು. ನಾನು ಕಾಫಿ, ಏಲಕ್ಕಿ ಬನ್ನು ಕೊಟ್ಟೆ. ಇರ್ಯಾ ಬನ್ನು ಮುಟ್ಟಲಿಲ್ಲ.

"ಬಾಗಿಲು ಒಡೆದಿಲ್ಲ, ತಲೆಗೆ ಒಂದು ಗೀರೂ ಇಲ್ಲ," ಎಂದು ಸಾಯ್ಮಿಯಮ್ಮ ಶುರುಮಾಡಿದರು. "ಸಿಟ್ಟಿನ ಕೆಲಸ ಅಲ್ಲ. ಗೆರೆ ಮೇಲೆ ಹಿಮ ಬಿದ್ದಿದೆ. ಅಂದ್ರೆ ಬೆಳಿಗ್ಗೆಗೆ ಮುಂಚೇನೇ ತಲೆ ನೀರಲ್ಲಿತ್ತು. ಏಣಿ ಬುಡದಲ್ಲೇ. ಇಳಿದೋರ ಕಾಲಿಗೆ ತಾಗಲೇಬೇಕು. ಕೌಕೊಗೆ ತಾಗ್ತು. ಅವನಿಗಿಂತ ಮುಂಚೆ ಇಳಿದೋರಿಗೆ ಯಾಕೆ ತಾಗ್ಲಿಲ್ಲ?"

"ಅವ್ರು ಕಾಲು ಮೇಲಿಟ್ಟಿರ್ಬೇಕು," ಎಂದ ಕೌಕೊ.

"ಮೇಲೆ ಅಲ್ಲಪ್ಪ, ಹೊರಗೆ. ಅವ್ರ ಕಾಲುಚೀಲ ಒದ್ದೆ ಆಗೇ ಇಲ್ಲ. ಚಳಿ, ಇಳೀಲಿಲ್ಲ ಅಂದಿದ್ರೆ ಯಾರೂ ಏನೂ ಅಂತಿರ್ಲಿಲ್ಲ. ಇಳಿಯದೇ ನೀರನ್ನ ಹೊಗಳಿದ್ರು. ಒಳಗೆ ಏನಿದೆ ಅಂತ ಗೊತ್ತಿದ್ದೋರು, ಕೀಲಿ ಕೈಯಲ್ಲಿದ್ದೋರು, ಒಬ್ರೇ."

ಇರ್ಯಾ ಕಾಫಿ ಲೋಟ ಕೆಳಗಿಟ್ಟಳು.

"ಹೆರಿಗೆ ಕೋಣೆ ಬಾಗಿಲ ಮುಂದೆ ಇಟ್ಟಿದ್ರು ಅದನ್ನ. ಎಲ್ರೂ ಹೋದ್ಮೇಲೆ ನೋಡ್ದೆ. ಯಾರನ್ನೂ ಒಳಗೆ ಬಿಡಲ್ಲ ಅಂತ ನನ್ನ ಮುಖಾನೇ ಅಲ್ಲಿ ಕಾವಲು ನಿಂತಿತ್ತು. ತಡ್ಕೊಳ್ಳೋಕಾಗ್ಲಿಲ್ಲ."

"ತಡ್ಕೊಳ್ಳೋಕಾಗ್ಲಿಲ್ಲ," ಎಂದಳು ಔಲಿ. "ನನ್ನ ಕೈಯಿಂದ ಕೀಲಿ ಕಿತ್ಕೊಳ್ಳೋದನ್ನ ತಡ್ಕೊಂಡೆಯಲ್ಲೇ."

"ಮಂಗಳವಾರ ಕಳೀಲಿ, ಆಮೇಲೆ ಹೇಳೋಣ ಅಂತ..."

"ಆಸ್ಪತ್ರೆ ಉಳಿಸು ಅಂದಾಗ್ಲೂ ಚುನಾವಣೆ ಕಳೀಲಿ ಅಂದಿದ್ದೆ."

ಕೌಕೊ ತಾನು ಕಿತ್ತುಕೊಂಡಿದ್ದ ಸೌನಾದ ಕೀಲಿಯನ್ನು ಮೆಲ್ಲಗೆ ಔಲಿಯ ಪಕ್ಕದ ಬೆಂಚಿನ ಮೇಲಿಟ್ಟ. ಇರ್ಯಾ ಫೋನ್ ತೆಗೆದಳು. "ಈಗ್ಲೇ ಹೇಳ್ತೀನಿ. ಹಣಕಾಸು ಖಾತೆ ಬೇಡ ನಂಗೆ."

"ಬೇಡ ಅನ್ನೋದು ಸುಲಭ ಬಿಡು. ಮೊದ್ಲು ನನ್ ಮಗಳ ಮುಂದೆ ಹೋಗಿ ನಿಂತ್ಕೋ. ಕುವೊಪಿಯೊದಲ್ಲೇ ಇದ್ದಾಳೆ. ಡ್ರೈವರ್ ಬೇಡ, ನೀನೇ ಓಡಿಸು."

"ಆ ದಾರೀಲಾ, ಔಲಿ?"

"ಬೇರೆ ದಾರಿ ಇಟ್ಟಿದ್ಯಾ ನಮ್ಗೆ?"

ಇರ್ಯಾ ಎದ್ದಳು. ಅಂಗಳದಲ್ಲಿ ಕಾರಿನ ಗಾಜಿನ ಮೇಲಿನ ಹಿಮವನ್ನು ತಾನೇ ಕೆರೆದು ತೆಗೆದಳು. ಅಷ್ಟರಲ್ಲಿ ಔಲಿಯೂ ಕೋಟು ಹಾಕಿಕೊಂಡು ಹೊರಬಂದಳು. ಇರ್ಯಾ ಅವಳಿಗೆ ಮುಂದಿನ ಬಾಗಿಲು ತೆರೆದು ಹಿಡಿದಳು.

"ಹಿಂದೆ ಕೂತ್ಕೋತೀನಿ," ಎಂದಳು ಔಲಿ. "ನನ್ ಮಗಳು ಮಲಗಿದ್ದು ಹಿಂದಿನ ಸೀಟಲ್ಲಿ. ಈ ಊರಿನ ಮಕ್ಕಳನ್ನೆಲ್ಲ ಹಿಡಿದ ಕೈ ಇದು. ಅವತ್ತು ನಾನೂ ಅಲ್ಲಿರ್ಲಿಲ್ಲ."

ಎಂಜಿನ್ ಚಾಲೂ ಆದರೂ ಕಾರು ಬಹಳ ಹೊತ್ತು ಅಲ್ಲೇ ನಿಂತಿತ್ತು. ಆಮೇಲೆ ಅದು ಮೆಲ್ಲಗೆ, ಒಳಗೆ ನೋವಿನಲ್ಲಿ ಯಾರೋ ಮಲಗಿರುವ ಹಾಗೆ, ಕುವೊಪಿಯೊ ಕಡೆಯ ಉತ್ತರದ ರಸ್ತೆಗೆ ತಿರುಗಿತು.