ಹತ್ತು ಗಂಟೆಗೆ ಸ್ಕ್ರೀನ್ ಆರಿಸುವ ಹುಡುಗ

"ನನ್ನ ಕ್ಲಾಸ್ ಆಫ್ ಮಾಡೋನು ನೀನೇನಾ?"

ಕಾರಿನ ಬಾಗಿಲು ಧಡ್ ಎಂದು ಹಾಕಿ ಕೋರಾ ಕೇಳಿದಳು. ಇವತ್ತಿನ ಕ್ಲಾಸಿಗೆ ರಜೆ ಕೊಟ್ಟು, ಬೆಳಗಿನ ಜಾವದಿಂದ ಮಣ್ಣುದಾರಿಯಲ್ಲಿ ಕಾರು ಓಡಿಸಿ ಬಂದಿದ್ದು ಈ ಒಂದು ಪ್ರಶ್ನೆ ಕೇಳೋಕೆ!

ಅಡುಗೆಮನೆ ಬಾಗಿಲಲ್ಲಿದ್ದ ಹುಡುಗ ಮೈದಾ ಮೆತ್ತಿದ ಎರಡೂ ಕೈ ಎತ್ತಿ ನಿಂತ, ಪೊಲೀಸರ ಕೈಗೆ ಸಿಕ್ಕಿಬಿದ್ದವನ ಹಾಗೆ.

"ನಾನೇ. ಡೆಕ್ಲನ್. ನೀವು ಮಿಸ್ ಕೋರಾ ಅಲ್ವಾ? ಸ್ಕ್ರೀನಲ್ಲಿ ಇಷ್ಟು ಎತ್ತರ ಕಾಣಲ್ಲ ನೀವು."

"ಸ್ಕ್ರೀನ್ ಆನ್ ಇಟ್ಟಿದ್ರೆ ತಾನೇ ಕಾಣೋದು!"

ಅವನು ನಕ್ಕುಬಿಟ್ಟ. ಅಯ್ಯೋ... ಆ ನಗು ಇಷ್ಟು ಚೆನ್ನಾಗಿರಬೇಕಿತ್ತಾ? ಕೋರಾಗೆ ತನ್ನ ಮೇಲೇ ಸಿಟ್ಟು ಬಂತು.

ಕೋರಾ ಬ್ರಿಸ್ಬೇನ್ ಸಿಟಿಯ ಹುಡುಗಿ. ದೂರದೂರದ ದನದ ಸ್ಟೇಷನ್‌ಗಳಲ್ಲಿ, ಅಂದರೆ ಊರಗಲದ ದನದ ಫಾರ್ಮ್‌ಗಳಲ್ಲಿ, ಬೆಳೆಯುವ ಮಕ್ಕಳಿಗೆ ಕಂಪ್ಯೂಟರ್‌ನಲ್ಲೇ ಪಾಠ ಹೇಳುವ ಶಾಲೆಗೆ ಈ ವರ್ಷ ಸೇರಿದ್ದಳು. ಆರನೇ ತರಗತಿಯ ಗಣಿತವನ್ನು ಪೂರ್ತಿ ಹೊಸದಾಗಿ ಕಟ್ಟಿದ್ದಳು. ಕುಣಿಯುವ ಬೊಂಬೆಗಳು, ಆಟಗಳು, ದಿನಾ ಒಂಬತ್ತೂವರೆಯಿಂದ ಹತ್ತೂವರೆವರೆಗೆ ಲೈವ್ ಕ್ಲಾಸ್!

ಆದರೆ ಹತ್ತು ಹೊಡೆದರೆ ಸಾಕು, ಮಕ್ಕಳ ಮುಖಗಳು ಒಂದೊಂದಾಗಿ ಮಾಯ. ಎಲ್ಲರಿಗಿಂತ ಮೊದಲು ಮಾಯವಾಗುವವಳು ಕರ್ಲಿ ಕ್ರೀಕ್ ಸ್ಟೇಷನ್ನಿನ ಪಿಪ್ಪಾ. ಅವಳ ಪಕ್ಕ ಕೂತು ಓದಿಸುವ ಮನೆಮೇಷ್ಟ್ರು ಈ ಡೆಕ್ಲನ್.

'ಹತ್ತಕ್ಕೆ ಬಿಡಬೇಡಿ' ಎಂದು ಕೋರಾ ಬರೆದಾಗ ಅವನ ಉತ್ತರ: 'ಹತ್ತಕ್ಕೆ ಆಗಲ್ಲ ಮಿಸ್, ನಿಮಗೇ ಗೊತ್ತಲ್ಲ.'

ಏನು ಗೊತ್ತು? ಏನೂ ಗೊತ್ತಿಲ್ಲ! ಎಂಥ ಕೊಬ್ಬು!

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಕರೆದು ಹೇಳಿದ್ದರು. "ಟರ್ಮ್ ಮುಗಿಯೋದ್ರೊಳಗೆ ಮಕ್ಕಳು ಕೊನೇವರೆಗೂ ಕೂರದಿದ್ರೆ ನಿನ್ನ ಪಾಠ ನಿಲ್ಲಿಸ್ತೀವಿ ಕೋರಾ. ಸಿಟಿಯಿಂದ ರೆಡಿಮೇಡ್ ಪಾಠ ತರಿಸ್ತೀವಿ."

ಅವಳ ಇಡೀ ವರ್ಷದ ಕನಸು... ಈ ಮೈದಾ ಕೈಯವನಿಂದ ಹೋಗಬೇಕಾ?

"ಪಿಪ್ಪಾ ಫೇಲಾದ್ರೆ ಯಾರು ಜವಾಬ್ದಾರಿ? ನೀವಾ?" ಎಂದಳು.

ಡೆಕ್ಲನ್ ಉತ್ತರ ಕೊಡುವ ಮೊದಲೇ ಯಾರೋ ಕಬ್ಬಿಣದ ತುಂಡು ಬಡಿದರು. ಠಣ್ ಠಣ್ ಠಣ್!

"ಸ್ಮೋಕೋ! ಟೀ ಹೊತ್ತು!" ಎಂದು ಕಿರುಚುತ್ತಾ ಪಿಪ್ಪಾ ಬರಿಗಾಲಲ್ಲಿ ಓಡಿದಳು. ಗೇಟಿನ ಹತ್ತಿರ ಗಾಡಿಯೊಂದು ನಿಂತಿತು. ಅದರಿಂದ ಇಳಿದ ಅಪ್ಪ ವಾರೆನ್ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡೇ ಒಳಗೆ ಬಂದ. ಹಿಂದೆ ದನ ಮೇಯಿಸುವ ಆಳುಗಳು. ಉದ್ದನೆ ಮೇಜು, ಕೆಟಲ್ ತುಂಬ ಟೀ, ಡೆಕ್ಲನ್ ಈಗಷ್ಟೇ ಬೇಯಿಸಿದ ಸ್ಕೋನ್ ಬನ್ನುಗಳು.

"ಬನ್ನಿ ಮಿಸ್, ಬೈಯೋದಿದ್ರೆ ತಿಂದ್ಕೊಂಡು ಬೈರಿ," ಎಂದ ವಾರೆನ್. "ಕತ್ತಲಲ್ಲಿ ಹೋಗ್ತೀನಿ, ಇವಳು ಮಲಗಿರ್ತಾಳೆ. ಕತ್ತಲಾದ್ಮೇಲೆ ಬರ್ತೀನಿ, ಆಗಲೂ ಮಲಗಿರ್ತಾಳೆ. ಅಪ್ಪ ಮಗಳಿಗೆ ಸಿಗೋದು ಈ ಹತ್ತು ಗಂಟೆ ಟೀ ಒಂದೇ."

ಕೋರಾಳ ಕೈಯಲ್ಲಿದ್ದ ಸ್ಕೋನ್ ಬಾಯಿಗೆ ಹೋಗಲೇ ಇಲ್ಲ.

ದೇವರೇ... ದಿನಾ ಇವರ ಮಧ್ಯೆ ನಾನು ಕೂತಿದ್ದೆನಾ?

"ಯಾರೂ... ಯಾಕೆ ಹೇಳ್ಲಿಲ್ಲ?"

"ಸ್ಮೋಕೋ ಹತ್ತಕ್ಕೆ ಅಂತ ಹೇಳ್ಬೇಕಾ?" ವಾರೆನ್ ಕಣ್ಣರಳಿಸಿದ. "ಸೂರ್ಯ ಯಾವ ಕಡೆ ಹುಟ್ತಾನೆ ಅಂತಾನೂ ಹೇಳ್ಬೇಕಾ ಮಿಸ್?"

ಮೇಜಿಗೆ ಮೇಜೇ ನಕ್ಕಿತು. ಡೆಕ್ಲನ್ ಒಬ್ಬ ನಗಲಿಲ್ಲ.

"ನಾನಾದ್ರೂ ಹೇಳ್ಬೇಕಿತ್ತು," ಎಂದ ಮೆಲ್ಲಗೆ. "ಗೊತ್ತಿದ್ದೂ ಹಠ ಮಾಡ್ತಿದ್ದೀರಿ ಅಂದ್ಕೊಂಡೆ."

"ನಾನು ನಿಮ್ಮನ್ನ ಸೋಮಾರಿ ಅಂದ್ಕೊಂಡೆ."

"ಅದು ಸ್ವಲ್ಪ ನಿಜ."

ಈ ಸಲ ಕೋರಾಗೂ ನಗು ತಡೆಯಲಾಗಲಿಲ್ಲ!

ಅಷ್ಟರಲ್ಲಿ ಪಿಪ್ಪಾ ಕೇಳಿದಳು. "ಅಪ್ಪಾ, ತೊಟ್ಟೀಲಿ ಮುಕ್ಕಾಲು ನೀರಿದ್ರೆ ನಮ್ಮ ದನಗಳಿಗೆ ಎಷ್ಟು ದಿನ ಬರುತ್ತೆ?"

ಶುರುವಾಯ್ತು ನೋಡಿ ಜಗಳ! "ವಾರ!" "ಸುಮ್ನಿರೋ, ಬಿಸಿಲಿಗೆ ಆವಿಯಾಗೋದು ನಿನ್ನ ತಾತ ಲೆಕ್ಕ ಹಾಕ್ತಾನಾ?" ಪಿಪ್ಪಾ ಚಮಚದಲ್ಲಿ ಮೇಜಿಗೆ ಕುಟ್ಟುತ್ತಾ ಎಲ್ಲರ ಲೆಕ್ಕ ತಿದ್ದುತ್ತಿದ್ದಳು. ಸ್ಕ್ರೀನ್ ಮುಂದೆ ಆಕಳಿಸುವ ಹುಡುಗಿ ಇವಳೇನಾ?

ಪಾಠ ಇಲ್ಲೇ ಇದೆ! ನಾನು ಇದನ್ನು ಬಿಟ್ಟು ಬೊಂಬೆ ಕುಣಿಸುತ್ತಾ ಕೂತಿದ್ದೆ!

ಅವತ್ತೇ ಆ ಮೇಜಿನ ಮೇಲೆ ಪಾಠ ಹೊಸದಾಗಿ ಹುಟ್ಟಿತು. ಬೊಂಬೆಗಳಿಗೆ ರಜೆ. ಹತ್ತಕ್ಕೆ ಮೊದಲು ಚಿಕ್ಕ ಕ್ಲಾಸ್. ಕೊನೆಯಲ್ಲಿ ಒಬ್ಬರೇ ಬಿಡಿಸಲಾಗದ ಒಂದು ಪ್ರಶ್ನೆ. ಅದನ್ನು ಮಕ್ಕಳು ಸ್ಮೋಕೋಗೆ ಒಯ್ದು ಜಗಳ ಹಚ್ಚಬೇಕು, ಟೀ ಆದಮೇಲೆ ವಾಪಸ್ ಬಂದು ತಮ್ಮ ಉತ್ತರ ಯಾಕೆ ಸರಿ ಎಂದು ವಾದಿಸಬೇಕು.

ಆಮೇಲೆ ದಿನಾ ಸಂಜೆ ಡೆಕ್ಲನ್ ಫೋನ್.

"ಪ್ರಶ್ನೆ ತುಂಬಾ ಉದ್ದ ಕೋರಾ. ಓದೋ ಹೊತ್ತಿಗೆ ಟೀ ಆರೋಗುತ್ತೆ."

"ನಿಮಗೆ ಟೀದೇ ಚಿಂತೆ!"

"ಟೀದೊಂದೇ ಅಲ್ಲ..."

ಆ 'ಅಲ್ಲ' ಆದಮೇಲೂ ಫೋನ್ ಯಾರೂ ಇಡುತ್ತಿರಲಿಲ್ಲ!

ಟರ್ಮ್‌ನ ಕೊನೆಯ ದಿನ ಹೆಡ್‌ಮಿಸ್ಟ್ರೆಸ್ ಕೋರಾಳ ಪಕ್ಕ ಕೈಕಟ್ಟಿ ಕೂತರು. ಪ್ರಶ್ನೆ ಕೊಟ್ಟಾಯಿತು. ಮಕ್ಕಳು ಸ್ಮೋಕೋಗೆ ಹೋದರು. ಸ್ಕ್ರೀನ್ ಖಾಲಿ.

ವಾಪಸ್ ಬರದಿದ್ದರೆ?

ಒಂದು ಮುಖ ಬಂತು. ಇನ್ನೊಂದು. ಮತ್ತೆರಡು. ಅಯ್ಯಯ್ಯೋ, ಎಲ್ಲರೂ! ಮಕ್ಕಳ ಹಿಂದೆ ಅಪ್ಪಂದಿರು, ಅಮ್ಮಂದಿರು, ಟೋಪಿ ಹಾಕಿದ ಆಳುಗಳು, ಹಿಟ್ಟಿನ ಕೈಯ ಅಡುಗೆಯವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಕೂಗುತ್ತಿದ್ದರು. "ನಮ್ಮ ಉತ್ತರ ಮೊದಲು ಮಿಸ್!"

"ನಾನು ಆರನೇ ಕ್ಲಾಸ್ ಕೇಳಿದ್ದು," ಎಂದರು ಹೆಡ್‌ಮಿಸ್ಟ್ರೆಸ್ ನಗು ತಡೆಯಲಾರದೆ. "ನೀನು ಊರನ್ನೇ ಕೂರಿಸಿದ್ದೀಯಲ್ಲ! ಸಿಟಿ ಪಾಠ ಬೇಡ. ಮುಂದಿನ ವರ್ಷ ಎಲ್ಲಾ ತರಗತಿಗೂ ನೀನೇ ಮಾಡು."

ಗೆದ್ದಳು! ಕೋರಾ ಗೆದ್ದಳು!

ಆದರೆ ಅವಳ ಕಣ್ಣು ಹುಡುಕಿದ್ದು ಒಂದೇ ಮುಖ. ಪಿಪ್ಪಾ ಪಕ್ಕದ ಕುರ್ಚಿ ಖಾಲಿ.

"ಪಿಪ್ಪಾ... ಡೆಕ್ಲನ್ ಎಲ್ಲಿ?"

"ಹೇಳ್ಬಾರ್ದು ಅಂದಿದ್ದಾನೆ ಮಿಸ್!" ಪಿಪ್ಪಾ ಬಾಯಿ ಮುಚ್ಚಿಕೊಂಡು ಕಿಸಕ್ಕೆಂದಳು.

ಬಾಗಿಲು ತಟ್ಟಿದ ಸದ್ದು. ತಿರುಗಿದರೆ ಅವನೇ! ಇಸ್ತ್ರಿ ಅಂಗಿ, ಬಾಚಿದ ಕೂದಲು, ಗಾಬರಿ ಮುಖ.

ಹೆಡ್‌ಮಿಸ್ಟ್ರೆಸ್ ಮಕ್ಕಳಿಗೆ ಬೈ ಹೇಳಿ, ಸ್ಕ್ರೀನ್ ಆರಿಸಿ ಹೊರಗೆ ನಡೆದರು.

"ಫೋನಲ್ಲಿ ಹೇಳೋಕೆ ಮನಸ್ಸು ಬರ್ಲಿಲ್ಲ," ಎಂದ ಡೆಕ್ಲನ್. "ನೀನು ಸೋತಿದ್ರೂ ಇವತ್ತೇ ಹೇಳ್ತಿದ್ದೆ... ಪ್ರೀತಿಸ್ತೀನಿ ಕೋರಾ. ತುಂಬಾ."

ಕೋರಾಳ ಕಣ್ಣು ತುಂಬಿತು. "ಎಷ್ಟು ದಿನ ಕಾಯಿಸೋದು ಮಾರಾಯಾ!"

"ಸೋಮಾರಿ ಅಲ್ವಾ..."

ಅವಳು ಅವನ ಎದೆಗೆ ಒಂದು ಗುದ್ದಿ, ಅಲ್ಲೇ ಹಣೆ ಒರಗಿಸಿದಳು.

"ನಾಳೆಯಿಂದ ರಜೆ. ಅಮ್ಮನ ಮನೆಗೆ ಹೋಗ್ತಿದ್ದೀನಿ, ಸಮುದ್ರದ ಹತ್ರ. ಬರ್ತೀಯಾ?" ಎಂದಳು.

"ಅಮ್ಮನಿಗೆ ನಾನು ಯಾರು ಅಂತ ಹೇಳ್ತೀಯಾ?"

"ನನ್ನೋನು ಅಂತ."