ಉಗುಳುವ ಕೆಲಸದ ವರ

ಕಾಫಿ ಲೋಟಕ್ಕೆ ಮೂಗು ತೂರಿಸಿದ!

ಹೌದು ಕಣ್ರೀ, ಹೆಣ್ಣು ನೋಡಲು ಬಂದ ವರ, ಹತ್ತು ಜನರ ಎದುರು, ದಾಕ್ಷಾಯಿಣಿ ಕೊಟ್ಟ ಕಾಫಿಯನ್ನು ಮೊದಲು ಮೂಸಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿದ. ಆಮೇಲೆ... ಅಯ್ಯೋ ಶಿವನೇ! ಉಗುಳಲು ಜಾಗ ಹುಡುಕುವವನಂತೆ ಅತ್ತಿತ್ತ ನೋಡಿ, ನಾಚಿ, ನುಂಗಿಬಿಟ್ಟ.

"ಹೆಂಗೈತಪ್ಪ ಕಾಫಿ? ನಮ್ಮ ದಾಕ್ಷೂನ ಮಾಡ್ಯಾಳ," ಎಂದು ತಾಯಿ ಗಿರಿಜಾದೇವಿ ಹೆಮ್ಮೆಯಿಂದ ಕೇಳಿದರು.

"ಹಾಲು ತಳ ಹತ್ತೇತ್ರಿ," ಅಂದ ವೀರೇಶ್.

ದಾಕ್ಷಾಯಿಣಿಯ ಮುಖ ಕೆಂಪಾಯಿತು. ಹಾಲು ತಳ ಹತ್ತಿದ್ದು ನಿಜ! ಮೇಲಿನ ಹಾಲಷ್ಟೇ ಬಸಿದು ಕಾಫಿ ಮಾಡಿದ್ದಳು. ಇವನಿಗೆ ಹೇಗೆ ಗೊತ್ತಾಯಿತು?

"ಕೆಮಿಕಲ್ ಫ್ಯಾಕ್ಟರಿಯಾಗ ಕೆಲಸ ಅಂದ್ರಲ್ಲ?" ತಂದೆ ಮುರಿಗೆಪ್ಪ ಮಾತು ತಿರುಗಿಸಿದರು.

"ಅಲ್ರಿ. ವಿಸ್ಕಿ ಕಂಪನಿ. ರುಚಿ ನೋಡಿ ಉಗುಳೋದು ನನ್ನ ಕೆಲಸ."

ವರನ ಕಡೆಯವರು ತಲೆ ತಗ್ಗಿಸಿದರು. ಮುಚ್ಚಿಟ್ಟಿದ್ದನ್ನು ಹುಡುಗನೇ ಬಿಚ್ಚಿಟ್ಟಿದ್ದ! ಹೆಣ್ಣಿನವರದೋ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ, ಟಿ. ನಗರದಲ್ಲಿ ಸೀರೆ ಅಂಗಡಿ... ಮುರಿಗೆಪ್ಪ ಎದ್ದೇ ನಿಂತರು.

"ಕುಡುಕರ ಮನೆಗೆ ನಾ ಹೋಗಂಗಿಲ್ಲ," ಎಂದು ದಾಕ್ಷಾಯಿಣಿ ಅವನ ಮುಖಕ್ಕೇ ಹೇಳಿ ಒಳಗೆ ನಡೆದಳು.

ಅವಳ ಸಿಟ್ಟಿಗೆ ಕಾರಣ ಅಕ್ಕ ಜಯಲಕ್ಷ್ಮಿಯ ಬಾಳು. ಭಾವ ಪ್ರತಾಪನಿಗೆ ಭಾನುವಾರ ಬಂತೆಂದರೆ ಬೆಸೆಂಟ್ ನಗರದ ಫ್ಲ್ಯಾಟಿನಲ್ಲಿ ಗೆಳೆಯರ ಹಿಂಡು. ಅಕ್ಕ ಕಡಲೆಬೀಜ ಹುರಿಯಬೇಕು, ಈರುಳ್ಳಿ ಹೆಚ್ಚಬೇಕು, ಸಂಜೆ ಬಾತ್‌ರೂಮ್ ತೊಳೆಯಬೇಕು. ಇದಕ್ಕೆ ಅವರಿಟ್ಟ ಹೆಸರು ಕಲ್ಚರ್! ಅಂಥವನನ್ನು ಕಟ್ಟಿಕೊಳ್ಳುವುದಿಲ್ಲ ಎಂದು ದಾಕ್ಷಾಯಿಣಿ ಆಣೆ ಮಾಡಿದ್ದಳು.

ಆದರೂ ಕಾಫಿ ಮೂಸಿದ ಆ ಹಾಳಾದ ಮುಖ ಮರೆಯುತ್ತಿಲ್ಲವಲ್ಲ...

ಮೂರು ವಾರದ ನಂತರ ಅಕ್ಕನ ಅಡುಗೆಮನೆಯಲ್ಲಿ ನಿಂತಿದ್ದಾಗ, ಹಾಲ್‌ನಲ್ಲಿ ಅದೇ ಮುಖ! ಬಿಟ್ಟಿ ಬಾಟಲಿಯ ಆಸೆಗೆ ಭಾವನೇ ಅವನನ್ನು ಊಟಕ್ಕೆ ಕರೆದಿದ್ದ.

"ಸಿಂಗಾಪುರದ್ದು ಮಚ್ಚಿ!" ಭಾವ ಬಾಟಲಿಯನ್ನು ಕೂಸಿನಂತೆ ಎತ್ತಿ ಹಿಡಿದ.

ಗೆಳೆಯರು ಮೂಗು ಹಿಂಡಿಕೊಂಡು ಗಟಗಟ ಇಳಿಸಿದರು. ಕಣ್ಣಲ್ಲಿ ನೀರು, ಬಾಯಲ್ಲಿ "ಆಹಾ, ಏನ್ ಸ್ಮೂತು!" ಥೂ... ಕಷಾಯ ಕುಡಿದ ಮುಖ ಮಾಡಿಕೊಂಡು ಸುಖದ ಮಾತು! ಒಬ್ಬನಾಗಲೇ ಸೋಫಾದ ಮೇಲೆ ಸೋಡಾ ಚೆಲ್ಲಿ, ಬಟ್ಟೆ ತರಲು ಅಕ್ಕನನ್ನು ಕೂಗುತ್ತಿದ್ದ.

ವೀರೇಶ್ ಮೂಸಿದ. ಹುಬ್ಬು ಏರಿತು. ಗ್ಲಾಸನ್ನು ಮುಟ್ಟದೆ ಕೆಳಗಿಟ್ಟ.

"ಹೇಗಿದೆ ಎಕ್ಸ್‌ಪರ್ಟು?" ಭಾವ ಕೇಳಿದ.

"ಬಾಟಲಿ ಭಾಳ ಚಲೋ ಐತ್ರಿ," ಅಂದು, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದ.

ದಾಕ್ಷಾಯಿಣಿ ಚೊಂಬನ್ನು ಠಣ್ಣನೆ ಕುಕ್ಕಿದಳು. "ಖರೇ ಹೇಳ್ರಿ, ಏನಿತ್ತು ಅದ್ರಾಗ?"

"ಖಾಲಿ ಫಾರಿನ್ ಬಾಟಲಿಗೆ ಇಲ್ಲಿನ ಅಗ್ಗದ ಮಾಲು ತುಂಬಿ ಯಾರೋ ಟೋಪಿ ಹಾಕ್ಯಾರ."

ಅವಳಿಗೆ ನಗು ತಡೆಯಲಾಗಲಿಲ್ಲ. ಮರುಕ್ಷಣವೇ ಸಿಟ್ಟು ಬಂತು. "ಅವರ ಮುಂದ ಬಾಯಿ ಬಿಡಲಿಲ್ಲ. ನನ್ನ ಕಾಫಿ ಮಾನ ಮಾತ್ರ ಎಲ್ಲರ ಮುಂದ ಕಳದ್ರಿ!"

"ಅವರ ಜೊತಿ ನಾ ಬಾಳ್ವೆ ಮಾಡಬೇಕಾಗಿಲ್ಲಲ್ರಿ," ವೀರೇಶನ ದನಿ ಮೆತ್ತಗಾಯಿತು. "ನಿಮ್ಮ ಮನಿಯಾಗ ಮೊದಲನೇ ಮಾತು ಸುಳ್ಳಾಡಾಕ ಮನಸ್ಸು ಬರಲಿಲ್ಲ. ಎಲ್ಲರ ಮುಂದ ಅಂದದ್ದು ತಪ್ಪು."

ದಾಕ್ಷಾಯಿಣಿ ಹಾಲ್‌ನತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. ಇನ್ನೊಂದೇ ಪ್ರಶ್ನೆ. ಅದಕ್ಕವನು ಇಲ್ಲ ಅಂದುಬಿಟ್ಟರೆ ಸಾಕು, ಆಣೆಯೂ ಉಳಿಯುತ್ತದೆ, ಇವನೂ...

"ಎಲ್ಲಾ ಉಗುಳ್ತೀರೋ... ನುಂಗೋದೂ ಐತೋ?"

ವೀರೇಶ್ ಚೊಂಬೆತ್ತಿ ನೀರು ಕುಡಿದು ಕೆಳಗಿಟ್ಟ. "ವರ್ಷಕ್ಕ ಎರಡು ಮೂರು ಸಲ, ಒಂದು ಗುಟುಕು. ನಾ ಬ್ಯಾರೆ ಬ್ಯಾರೆ ವಿಸ್ಕಿ ಕೂಡಿಸಿ ಮಾಡಿದ್ದು ಬರೋಬ್ಬರಿ ಬಂದಾಗ. ಆಲೆಮನಿ ಬೆಲ್ಲದ ವಾಸನಿ ಬರತೈತಿ, ಭಾಳ ಹಿತ. ಇಲ್ಲ ಅಂದಿದ್ರ ನೀವು ಒಪ್ಪತಿದ್ರಿ. ಗೊತ್ತೈತಿ ನನಗ."

ದಾಕ್ಷಾಯಿಣಿಗೆ ಅಳು ಬಂತು. ಎಂಥಾ ಮನುಷ್ಯ! ಒಂದು ಸುಳ್ಳು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಹೊರಗೆ ಕೂತ ಭಾವ ವಾರವಾರವೂ ಅಕ್ಕನಿಗೆ ಹೇಳುವುದು ಅಂಥ ಸುಳ್ಳನ್ನೇ: "ಇವತ್ತೊಂದೇ ದಿನ ಕಣೇ." ಅಕ್ಕ ಆರು ವರ್ಷದಿಂದ ಅದನ್ನು ನಂಬುತ್ತಲೇ ಬಂದಿದ್ದಾಳೆ.

"ಆ ದಿನ ಬಂದಾಗ ನನಗ ಹೇಳಿ ಕುಡೀಬೇಕು. ಕದ್ದು ಅಲ್ಲ."

"ನಿಮಗ... ಹೇಳಿ?" ವೀರೇಶ್ ಕಣ್ಣರಳಿಸಿದ.

"ಅಪ್ಪಾಜಿ ಹತ್ರ ನಾನ ಮಾತಾಡ್ತೀನಿ. ಆದ್ರ ಒಂದು ತಿಳ್ಕೋರಿ, ನಿಮ್ಮ ಆ ಕೆಲಸ ಅಂದ್ರ ನನಗ ಹೇಸಿಗಿ. ಸಾಯೋತನಕ ಹೇಸಿಗಿ!"

"ಇರ್ಲಿ ಬಿಡ್ರಿ. ಮತ್ತ ನಾನು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಿಮ್ಮ ಮ್ಯಾಲೂ ಹೇಸಿಗಿ ಪಡಾಕ ಮೂರು ವಾರದಿಂದ ನೋಡಾಕತ್ತೀನಿ ರೀ... ಆಗವಲ್ದು."