ಒಸಾಕಾಕ್ಕೆ ಹೋಗಿಬಂದ ಕೋಡುಬಳೆ ಡಬ್ಬಿ

"ತಿನ್ಬೇಡಿ!"

ಯಾರದೋ ಕೈ ಬಂದು ಪ್ರೇರಣಾಳ ತಟ್ಟೆಯನ್ನು ಕಸಿದುಕೊಂಡೇಬಿಟ್ಟಿತು. ಬಾಯಿಯವರೆಗೆ ಹೋಗಿದ್ದ ತುತ್ತು ಅಲ್ಲೇ ನಿಂತಿತು.

ಅದು ಜಪಾನಿನ ಒಸಾಕಾ ನಗರ, ಡೋಟೊಂಬೋರಿ ಬೀದಿ. ಸಂಜೆ ಹೊತ್ತು. ಕಾಲುವೆಯ ಪಕ್ಕ ಸಾಲು ಸಾಲು ತಿಂಡಿ ಅಂಗಡಿ, ಬಟ್ಟೆ ಅಂಗಡಿ, ಕೂಗಿ ಕರೆಯುವ ಹುಡುಗಿಯರು, ತಲೆಯ ಮೇಲೆಲ್ಲ ಬಣ್ಣದ ದೀಪ. ಅಷ್ಟು ಜನರ ನಡುವೆ ಒಬ್ಬ ಗಡ್ಡದ ಹುಡುಗ ಅವಳ ತಟ್ಟೆ ಹಿಡಿದುಕೊಂಡು ನಿಂತಿದ್ದ!

"ಏನ್ರೀ ಇದು! ಕಣ್ಣೆದುರಿಗೇ ಕಿತ್ಕೋತೀರಲ್ಲ, ನಾಚಿಕೆ ಆಗಲ್ವಾ?" ಸಿಟ್ಟಿನಲ್ಲಿ ಅವಳ ಬಾಯಿಂದ ಕನ್ನಡವೇ ಬಂತು.

"ಮೇಡಂ, ಮೇಲೆ ಅಲ್ಲಾಡ್ತಿದೆಯಲ್ಲ... ಅದು ಮೀನು."

"ಏನು?"

"ಒಣಮೀನು. ತೆಳ್ಳಗೆ ಹೆರೆದು ಹಾಕಿರ್ತಾರೆ, ಬಿಸಿಗೆ ಹಂಗೆ ಕುಣಿಯುತ್ತೆ. ನಿಮ್ಮ ಕನ್ನಡ ಕಿವಿಗೆ ಬಿತ್ತು, ಪಕ್ಕದಲ್ಲಿರೋ ಅಜ್ಜಿ ಹಣೆ ಮೇಲೆ ವಿಭೂತಿ ನೋಡ್ದೆ. ಬಿಡಿಸಿ ಹೇಳೋಷ್ಟು ಟೈಮ್ ಇರ್ಲಿಲ್ಲ. ಸಾರಿ."

ಪ್ರೇರಣಾ ತಟ್ಟೆಯನ್ನೇ ನೋಡಿದಳು. ಎಲೆಕೋಸಿನ ದಪ್ಪ ದೋಸೆಯ ಹಾಗಿತ್ತು. ಮಾಂಸ ಇಲ್ಲ ತಾನೆ ಎಂದು ಅಂಗಡಿಯವಳನ್ನು ಕೇಳಿಯೂ ಇದ್ದಳು. ಪಾಪ, ಅವಳು ಇಲ್ಲ ಅಂದದ್ದು ಸುಳ್ಳಲ್ಲ. ಮೀನಿನ ಬಗ್ಗೆ ಇವಳು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಕೈಯಲ್ಲಿದ್ದ ತುತ್ತನ್ನು ಕಾಗದದಲ್ಲಿ ಸುತ್ತಿದಳು. ಆಮೇಲಷ್ಟೇ ಇನ್ನೊಂದು ವಿಷಯ ಹೊಳೆಯಿತು... ಇವನು ಕನ್ನಡದವನು!

"ಯಾವೂರಪ್ಪ ನಿಂದು?" ಪಕ್ಕದಲ್ಲಿದ್ದ ಅಜ್ಜಿ ಸಿದ್ದಗಂಗಮ್ಮ ಆಗಲೇ ಶುರು ಮಾಡಿದ್ದರು.

"ಪುಟ್ಟೇನಹಳ್ಳಿ ಅಜ್ಜಿ. ನಂದಕುಮಾರ್ ಅಂತ."

"ಅಯ್ಯೋ ನಮ್ಮ ಶಿವನೇ! ನಾವು ಪದ್ಮನಾಭನಗರ ಕಣಪ್ಪ!"

ಅಜ್ಜಿಯ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಈ ಬೀದಿಯಲ್ಲಿ ಕಾಲಾಡಿಸುವ ದೊಡ್ಡ ಏಡಿಯ ಬೋರ್ಡು ಇದೆಯಲ್ಲ, ಅದನ್ನು ಅವರು ಮೊಬೈಲಿನಲ್ಲಿ ನೋಡಿದ್ದರು. ಅಂದಿನಿಂದ ಒಂದೇ ಹಟ, ಅದನ್ನು ಕಣ್ಣಾರೆ ನೋಡಬೇಕು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಹೆಂಗಸು ಏಡಿ ನೋಡಲು ಸಮುದ್ರ ದಾಟಿ ಬಂದಿದ್ದರು! ಟ್ಯೂಷನ್ ಮಕ್ಕಳಿಗೆ ರಜೆ ಕೊಟ್ಟು ಮೊಮ್ಮಗಳು ಪ್ರೇರಣಾ ಜೊತೆಗೆ ಹೊರಟಿದ್ದಳು, ಜಯನಗರದ ಟೂರ್ ಗುಂಪಿನಲ್ಲಿ. ಗುಂಪಿನವರೆಲ್ಲ ಬಟ್ಟೆ ಕೊಳ್ಳಲು ಹೋಗಿದ್ದರಿಂದ ಈಗ ಇವರಿಬ್ಬರೇ ಉಳಿದಿದ್ದರು.

"ಏಡಿ ಎಲ್ಲಿದೆ ತೋರಿಸ್ತೀಯೇನಪ್ಪ?"

"ಬನ್ನಿ ಅಜ್ಜಿ."

ಏಡಿ ಸಿಕ್ಕಿತು. ಬಸ್ಸಿನಷ್ಟು ಅಗಲ, ಕಾಲುಗಳನ್ನು ನಿಧಾನವಾಗಿ ಎತ್ತಿ ಇಳಿಸುತ್ತಿತ್ತು. ಅಜ್ಜಿ ಬಾಯಿ ತೆರೆದು ನೋಡಿದರು.

"ಇವರು ಇದಕ್ಕೆ ಪೂಜೆ ಗೀಜೆ ಮಾಡ್ತಾರೇನೋ?"

"ಇಲ್ಲ ಅಜ್ಜಿ... ಒಳಗಡೆ ಅದನ್ನೇ ಬಡಿಸ್ತಾರೆ."

ಪ್ರೇರಣಾ ಕಿಸಕ್ಕನೆ ನಕ್ಕಳು. ಅವನೂ ನಕ್ಕ. ಆ ನಗು ಸ್ವಲ್ಪ ಹೆಚ್ಚೇ ಚೆನ್ನಾಗಿದೆ ಎಂದು ಅವಳಿಗನಿಸಿತು. 'ಸುಮ್ನಿರು ಪ್ರೇರಣಾ... ತಟ್ಟೆ ಕಿತ್ಕೊಂಡವನು!' ಎಂದು ಮನಸ್ಸನ್ನು ಗದರಿಸಿಕೊಂಡಳು. ಮನಸ್ಸು ಅವಳ ಮಾತು ಕೇಳಬೇಕಲ್ಲ?

ಅವನು ಅವರನ್ನು ಬೀದಿಯುದ್ದಕ್ಕೂ ಸುತ್ತಾಡಿಸಿದ. ಯಾವ ಬೋರ್ಡಿನ ಹಿಂದೆ ಏನು ಬೇಯುತ್ತಿದೆ ಎಂದು ಹೇಳಿದ. ಎಲ್ಲೂ ಕಸದ ಡಬ್ಬ ಕಾಣದೆ ಪ್ರೇರಣಾ ಕಾಗದದ ಲೋಟ ಹಿಡಿದು ಪೇಚಾಡುತ್ತಿದ್ದಾಗ ಅದನ್ನು ಇಸಿದುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡ. ಬೀಸಣಿಗೆ ಅಂಗಡಿಯಾಕೆ ಬಗ್ಗಿ ವಂದಿಸಿದಳು, ಅಜ್ಜಿಯೂ ಬಗ್ಗಿದರು. ಅವಳು ಮತ್ತೆ ಬಗ್ಗಿದಳು, ಇವರೂ ಮತ್ತೆ ಬಗ್ಗಿದರು. ಇಬ್ಬರಲ್ಲಿ ಯಾರೂ ಸೋಲುವಂತೆ ಕಾಣದಿದ್ದಾಗ ಪ್ರೇರಣಾ ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಬರಬೇಕಾಯಿತು.

ಪಕ್ಕದ ಓಣಿಯಲ್ಲಿ ಒಂದು ಸಣ್ಣ ಗುಡಿ. ಮೈತುಂಬ ಹಸಿರು ಪಾಚಿ ಬೆಳೆದ ವಿಗ್ರಹಕ್ಕೆ ಜನ ಸೌಟಿನಲ್ಲಿ ನೀರು ಹಾಕುತ್ತಿದ್ದರು. ಅಜ್ಜಿಯೂ ನೀರು ಹಾಕಿ "ಶಿವ ಶಿವಾ" ಎಂದು ಕಣ್ಣು ಮುಚ್ಚಿದರು.

"ನೀವೂ ಹಾಕಿ," ಎಂದ ನಂದಕುಮಾರ್ ಮೆಲ್ಲಗೆ.

"ಏನ್ ಕೇಳ್ಕೋಬೇಕು?"

"ಅದನ್ನ ನನಗೆ ಹೇಳ್ಬಾರ್ದು ಮೇಡಂ."

"ಮೇಡಂ ಬೇಡ. ಪ್ರೇರಣಾ."

ನೀರು ಹಾಕುವಾಗ ಅವಳು ಏನು ಕೇಳಿಕೊಂಡಳೋ ನಾನು ಹೇಳುವುದಿಲ್ಲ. ಕೆನ್ನೆ ಕೆಂಪಾಗಿದ್ದಂತೂ ನಿಜ.

ಓಣಿಯಿಂದ ಹೊರಬರುವಾಗ ಅಜ್ಜಿ ಕೇಳಿದರು, "ಏನ್ ಕೆಲಸ ಮಾಡ್ತೀಯಪ್ಪ?"

ಅವನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡ. "ಮಿಲ್ಟ್ರಿ ಹೋಟ್ಲು ಅಜ್ಜಿ. ಅಪ್ಪಂದು, ಈಗ ನಾನು ನೋಡ್ಕೋತೀನಿ. ಮುದ್ದೆ, ನಾಟಿ ಕೋಳಿ, ಮಟನ್ ಸಾರು... ಇಲ್ಲಿನ ಸಣ್ಣ ಸಣ್ಣ ಹೋಟ್ಲು ಹೆಂಗೆ ನಡೆಸ್ತಾರೆ ನೋಡೋಣ ಅಂತ ಬಂದೆ."

"ಹೂಂ," ಎಂದರು ಅಜ್ಜಿ.

ಎದುರಿಗೇ ಸುಟ್ಟ ಗೆಣಸಿನ ಅಂಗಡಿ. ಅವನು ಬಿಸಿಬಿಸಿ ಗೆಣಸು ಕೊಂಡು ಅಜ್ಜಿಯ ಮುಂದೆ ಹಿಡಿದ. "ಇದ್ರಲ್ಲಿ ಏನೂ ಇಲ್ಲ ಅಜ್ಜಿ. ಬರೀ ಗೆಣಸು."

"ಈಗ ಬೇಡಪ್ಪ," ಎಂದು ಅಜ್ಜಿ ಅದನ್ನು ಚೀಲದೊಳಗೆ ಇಟ್ಟುಕೊಂಡರು.

ಸಂಜೆಯ ಲಿಂಗಪೂಜೆ ಆಗದೆ ಅಜ್ಜಿ ಏನನ್ನೂ ಬಾಯಿಗೆ ಹಾಕುವವರಲ್ಲ. ಪ್ರೇರಣಾಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಬಾಯಿಬಿಟ್ಟು ಹೇಳಬೇಕೆಂದು ಹೊಳೆಯಲೇ ಇಲ್ಲ. ನಂದಕುಮಾರನ ಮುಖ ಸಣ್ಣಗಾದದ್ದು ಕೂಡ ಅವಳಿಗೆ ಕಾಣಲಿಲ್ಲ.

ಗುಂಪು ಸೇರಬೇಕಾದ ಸೇತುವೆಯ ಹತ್ತಿರ ಅಜ್ಜಿ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಮುಚ್ಚಳದ ಮೇಲೆ ಅವರ ಹೆಸರು ಕೊರೆದಿತ್ತು. ಒಳಗೆ ಮನೆಯಲ್ಲಿ ಕರಿದ ಕೋಡುಬಳೆ.

"ತಗೋ. ಡಬ್ಬಿ ಮಾತ್ರ ಊರಿಗೆ ಬಂದ್ಮೇಲೆ ನೀನೇ ತಂದುಕೊಡ್ಬೇಕು. ಪ್ರೇರಣಾ, ಫೋನ್ ನಂಬರ್ ಕೊಡೇ."

ಬಸ್ಸು ಹತ್ತಿದ ಮೇಲೆ ಪ್ರೇರಣಾ ಅಜ್ಜಿಯನ್ನು ಓರೆಗಣ್ಣಿನಲ್ಲಿ ನೋಡಿದಳು. ಅಜ್ಜಿ ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು.

*

ಊರಿಗೆ ಬಂದ ಮೇಲೆ ದಿನವೂ ಮೆಸೇಜು. ಇನ್ನೂ ಒಸಾಕಾದಲ್ಲೇ ಇದ್ದ ಅವನು ಆ ಬೀದಿಯಿಂದ ದೀಪದ, ಗುಡಿಯ ಫೋಟೋ ಕಳಿಸುತ್ತಿದ್ದ. ಅವಳು ಹುಡುಗರ ಗಣಿತದ ತಪ್ಪುಗಳನ್ನು ಹೇಳಿ ನಗಿಸುತ್ತಿದ್ದಳು. ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಆಡುವ ಅಗತ್ಯವಿದೆ ಎಂದೂ ಅವಳಿಗೆ ಅನಿಸಿರಲಿಲ್ಲ. ಡಬ್ಬಿ ಕೊಡಲು ಬರುತ್ತಾನಲ್ಲ... ಆಗ ಅಜ್ಜಿಯ ಎದುರಿಗೇ ಹೇಳಿದರಾಯಿತು!

ಒಂದು ಭಾನುವಾರ ಅವನು ಬಂದ. ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದರು. ಬಾಗಿಲು ತೆಗೆದವರು ಪ್ರೇರಣಾಳ ಅಪ್ಪ ಸೋಮನಾಥ್.

"ಅಮ್ಮ ಹೇಳಿದ್ರು. ಹೋಟೆಲ್ ಅಂತೆ, ಅಲ್ವಾ?"

"ಹೌದು ಸಾರ್. ಮಿಲ್ಟ್ರಿ ಹೋಟ್ಲು."

"ಓ..." ಅಪ್ಪ ಪೇಪರ್ ಮಡಚಿದರು, ಬಿಚ್ಚಿದರು.

ಪ್ರೇರಣಾ ತಂದ ಕಾಫಿ ಕುಡಿದು ಅವನು ಎದ್ದ. "ಡಬ್ಬಿ..." ಎಂದು ಅವಳ ಕೈಗಿಟ್ಟ. ಕಣ್ಣೆತ್ತಿ ನೋಡಲಿಲ್ಲ. ಗೇಟಿನ ಸದ್ದಾಯಿತು, ಬೈಕಿನ ಸದ್ದಾಯಿತು.

ಅಡುಗೆಮನೆಗೆ ಹೋಗಿ ಅವಳು ಮುಚ್ಚಳ ತೆಗೆದಳು.

ಖಾಲಿ!

ಫಳಫಳ ತೊಳೆದ, ಒಂದು ಕಾಳೂ ಇಲ್ಲದ ಡಬ್ಬಿ.

ನಮ್ಮ ಮನೆಗಳಲ್ಲಿ ಪಕ್ಕದ ಮನೆಯ ಬಟ್ಟಲನ್ನೂ ಹಾಗೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಬರಿದಾಗಿ ಕೊಟ್ಟರೆ ಕೊಡುವುದು ತೆಗೆದುಕೊಳ್ಳುವುದು ಮುಗಿಯಿತು ಎಂದರ್ಥ.

'ಇದೇನಾ ನಿಮ್ಮ ಉತ್ತರ? ಬಾಯಲ್ಲಿ ಹೇಳೋಕಾಗದೆ ಹೀಗೆ ಹೇಳಿದ್ರಾ?' ಅವಳು ಸಿಂಕಿನ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು.

ಅವನಿಂದ ಮೆಸೇಜು ಬರಲಿಲ್ಲ. ಇವಳೂ ಕಳಿಸಲಿಲ್ಲ. ಪಾಠ ಮಾಡುವಾಗ ಲೆಕ್ಕ ತಪ್ಪತೊಡಗಿತು. ಕೊನೆಗೆ ಅಜ್ಜಿಗೆ ತಡೆಯಲಾಗಲಿಲ್ಲ.

"ಡಬ್ಬಿ ಖಾಲಿ ಯಾಕೆ ಕೊಟ್ಟೆ ಅಂತ ಅವನನ್ನ ಕೇಳಿದ್ಯೇನೇ?"

"ಕೇಳೋದೇನಿದೆ ಅಜ್ಜಿ? ಬೇಡ ಅಂತ ತಾನೆ?"

"ಒಂದು ಕೋಡುಬಳೆಗೂ ಬಾಯಿತುಂಬ ಥ್ಯಾಂಕ್ಸ್ ಹೇಳಿದ ಹುಡುಗ ಅವನು. ಹೋಗಿ ಕೇಳು. ಬೇಡ ಅಂದ್ರೆ ಅವನ ಬಾಯಲ್ಲೇ ಅನ್ಲಿ."

*

ಪುಟ್ಟೇನಹಳ್ಳಿಯ ಆ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ. ಪ್ರೇರಣಾ ಇಂಥ ಹೋಟೆಲಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮಸಾಲೆಯ ಘಾಟಿಗೆ ಕಣ್ಣು ಉರಿಯಿತು. ಆದರೂ ನಿಲ್ಲದೆ ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ಡಬ್ಬಿಯನ್ನು ಟಣ್ ಎಂದು ಇಟ್ಟಳು.

ನಂದಕುಮಾರ್ ಎದ್ದು ನಿಂತ. "ನೀವಾ... ಇಲ್ಲಿ?"

"ಖಾಲಿ ಯಾಕೆ ಕೊಟ್ರಿ?"

"ಹೊರಗಡೆ ಬನ್ನಿ, ಇಲ್ಲಿ ವಾಸನೆ..."

"ವಾಸನೆ ಇರ್ಲಿ. ಯಾಕೆ ಕೊಟ್ರಿ ಹೇಳಿ!"

ಮುದ್ದೆ ಮುರಿಯುತ್ತಿದ್ದವರು ಕೈ ತಡೆದರು. ಅವನು ತಲೆ ತಗ್ಗಿಸಿದ.

"ಏನ್ ಹಾಕ್ಲಿ ಪ್ರೇರಣಾ? ನಮ್ಮ ಅಡುಗೆಮನೇದು ಏನು ಹಾಕಿದ್ರೂ ನಿಮ್ಮನೇಲಿ ಚೆಲ್ತಾರೆ ಅನ್ಕೊಂಡೆ. ಅಜ್ಜಿ ಗೆಣಸೇ ತಿನ್ಲಿಲ್ಲ... ಹೋಟ್ಲು ಅಂದ ತಕ್ಷಣ ಚೀಲಕ್ಕೆ ಹಾಕ್ಕೊಂಡ್ರು. ನನಗೆ ಕೊಡೋರು ತುಂಬ ಜನ ಇದಾರೆ. ನನ್ನ ಕೈಯಿಂದ ತಗೊಳ್ಳೋರು ಕಮ್ಮಿ. ಅದಕ್ಕೇ ಹುಣಸೇಹಣ್ಣು ಹಾಕಿ ನಾನೇ ತಿಕ್ಕಿ ತಿಕ್ಕಿ ತೊಳೆದೆ. ಡಬ್ಬಿಯಾದ್ರೂ ಮೈಲಿಗೆ ಅನ್ನಿಸ್ಬಾರ್ದು ಅಂತ."

ಪ್ರೇರಣಾ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಮರ್ಯಾದೆಗೆಂದು ತೊಳೆದ ಡಬ್ಬಿಯನ್ನು ತಾನು ತಿರಸ್ಕಾರ ಎಂದುಕೊಂಡೆನಲ್ಲ! ಫೋನ್ ತೆಗೆದು ಒಂದು ಫೋಟೋ ಅವನ ಮುಂದೆ ಹಿಡಿದಳು.

ಒಸಾಕಾದ ಹೋಟೆಲ್ ಕೋಣೆ. ಆಗಷ್ಟೇ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿದ ಸಿದ್ದಗಂಗಮ್ಮ, ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಗೆಣಸಿನ ಕೊನೆಯ ಚೂರನ್ನು ಸಿಪ್ಪೆಸಮೇತ ಬಾಯಿಗಿಡುತ್ತಿದ್ದಾರೆ.

"ಪೂಜೆ ಆಗದೆ ಅಜ್ಜಿ ಏನೂ ತಿನ್ನಲ್ಲ. ತಣ್ಣಗಾಗಿದೆ ಬಿಡಿ ಅಂದೆ. 'ಆ ಹುಡುಗ ಕೊಟ್ಟಿದ್ದು, ಬಿಡಕ್ಕಾಗುತ್ತೇನೇ' ಅಂದ್ರು. ನನಗೂ ಒಂದು ಚೂರು ಕೊಡ್ಲಿಲ್ಲ!"

ಅವನು ಫೋಟೋವನ್ನು ನೋಡುತ್ತಲೇ ಇದ್ದ. ಕಣ್ಣಲ್ಲಿ ನೀರು ತುಂಬಿತು. "ಮಸಾಲೆ ಘಾಟು," ಎಂದ.

"ಹೌದಾ? ನನಗೆ ಘಾಟಿಗಲ್ಲ ಕಣ್ಣೀರು ಬಂದಿರೋದು," ಎಂದಳು ಪ್ರೇರಣಾ. "ನೀವಂದ್ರೆ ನನಗಿಷ್ಟ. ಆ ಗುಡೀಲಿ ಕೇಳ್ಕೊಂಡಿದ್ದೂ ಅದನ್ನೇ. ಈಗ ನಿಮಗೂ ಹೇಳ್ಬಿಟ್ಟೆ, ಏನಾಗುತ್ತೋ ಆಗ್ಲಿ."

"ನಾನೂ... ಪ್ರೇರಣಾ, ನಾನೂ ಅದನ್ನೇ..."

"ಏನೋ ಅಂದೆ?" ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವನ ತಾಯಿ ಮುನಿವೆಂಕಟಮ್ಮ ಬಂದರು. "ಖಾಲಿ ಡಬ್ಬಿ ಕೊಟ್ಟು ಬಂದ್ಯೇನೋ! ಯಾವ ಮನೇಲಿ ಬೆಳೆದೆ ನೀನು? ಒಂದು ಹಿಡಿ ಸಕ್ಕರೆಗೆ ಬರ ಬಂದಿತ್ತಾ ನಮ್ಗೆ?"

ಪ್ರೇರಣಾ ಬೆರಗಾಗಿ ನೋಡಿದಳು. ಅಜ್ಜಿ ಇಲ್ಲಿದ್ದಿದ್ದರೂ ಇದೇ ಮಾತು ಅನ್ನುತ್ತಿದ್ದರು!

ಆಕೆ ಒಳಗೆ ಹೋಗಿ ಸಕ್ಕರೆಯ ಹೊಸ ಪೊಟ್ಟಣ ತಂದು, ಡಬ್ಬಿಯ ಕಂಠದವರೆಗೆ ತುಂಬಿದರು. "ಬಾರಮ್ಮ, ನಿಮ್ಮಜ್ಜಿ ಕೈಗೇ ಕೊಡು. ನೀನೂ ಹೋಗೋ, ತಪ್ಪಾಯ್ತು ಅಂತ ಹೇಳ್ಬಾ."

*

ಪದ್ಮನಾಭನಗರದ ಮನೆಯ ಜಗಲಿಯಲ್ಲಿ ಅಜ್ಜಿ ಕೂತಿದ್ದರು. ಪಕ್ಕದಲ್ಲಿ ಸೋಮನಾಥ್, ಕೈಯಲ್ಲಿ ಅದೇ ಪೇಪರ್. ಬೈಕಿನಿಂದ ಇಬ್ಬರೂ ಇಳಿದರು. ಪ್ರೇರಣಾ ಅಪ್ಪನ ಕೈಯ ಪೇಪರನ್ನೇ ನೋಡುತ್ತಿದ್ದಳು. 'ಇವತ್ತೂ ಅಪ್ಪ ಬರೀ ಓ ಅಂದು ಸುಮ್ಮನಾದರೆ ಎಲ್ಲ ಮುಗಿದ ಹಾಗೆ...'

"ತಪ್ಪಾಯ್ತು ಅಜ್ಜಿ," ಎಂದು ನಂದಕುಮಾರ್ ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಕೊಟ್ಟ.

ಅಜ್ಜಿ ಮುಚ್ಚಳ ತೆಗೆದು ನೋಡಿದರು. "ಈಗ ಪೂಜೆ ಆಗಿದೆ ಕಣಪ್ಪ," ಎಂದು ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರು. ಆಮೇಲೆ ಡಬ್ಬಿಯನ್ನು ಮಗನ ಮುಂದೆ ಹಿಡಿದರು. ಹಿಡಿದುಕೊಂಡೇ ಇದ್ದರು.

ಸೋಮನಾಥ್ ಡಬ್ಬಿ ನೋಡಿದರು. ಮಗಳ ಮುಖ ನೋಡಿದರು. ಅಳುವುದಕ್ಕೂ ನಗುವುದಕ್ಕೂ ನಡುವೆ ಸಿಕ್ಕಿಕೊಂಡಿದ್ದ ಆ ಮುಖದಲ್ಲಿ ಏನು ಕಂಡರೋ, ಪೇಪರ್ ಕೆಳಗಿಟ್ಟು ಸಕ್ಕರೆ ತೆಗೆದುಕೊಂಡರು.

"ಮುಂದಿನ ಭಾನುವಾರ ಅಪ್ಪ ಅಮ್ಮನ್ನ ಕರ್ಕೊಂಡು ಬನ್ನಿ," ಎಂದರು. "ಕೂತು ಮಾತಾಡೋಣ."

ಅಜ್ಜಿ ಒಳಗೆ ಹೋಗಿ ಸಕ್ಕರೆ ಬೇರೆ ಪಾತ್ರೆಗೆ ಸುರಿದು, ಡಬ್ಬಿಗೆ ಕೋಡುಬಳೆ ತುಂಬಿ ತಂದರು. ಅವನನ್ನು ಬೀಳ್ಕೊಡಲು ಪ್ರೇರಣಾ ಗೇಟಿನವರೆಗೂ ಬಂದಳು.

"ಮತ್ತೆ ಖಾಲಿ ಕೊಡಲ್ಲ ತಾನೆ?"

"ಇಲ್ಲ. ಆದ್ರೆ ಹಿಂಗೇ ಎಷ್ಟು ದಿನ ಅಂತ ಡಬ್ಬಿ ಓಡಾಡ್ತಾ ಇರೋದು?"

"ಅದಕ್ಕೇನ್ ಮಾಡೋದು?"

"ಡಬ್ಬಿ ಜೊತೆ ನೀನೂ ಬಂದ್ಬಿಡು."

ಮೊದಲ ಸಲ ಅವನು 'ನೀನು' ಅಂದಿದ್ದ. ಪ್ರೇರಣಾ ಡಬ್ಬಿಯ ಮುಚ್ಚಳ ತೆರೆದು, ಒಂದು ಕೋಡುಬಳೆ ತೆಗೆದು ಅರ್ಧ ಮುರಿದಳು.

"ಬಾಯಿ ತೆಗಿ," ಎಂದಳು. "ನಿನ್ನ ಹಾಗೆ ನಾನು ಕಿತ್ಕೊಳ್ಳಲ್ಲ."